ಸಹಾಯ ಬೇಕು: ಬಿಳಿ ಚಾಕ್ ಪೇಂಟ್ ಮೇಲೆ ಹಲಸಿನ ಮರದ ಹಳದಿ ಕಲೆ

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದವಳು. ಅಮ್ಮಮ್ಮನ ಹಲಸಿನ ಮರದ ಪೆಟ್ಟಿಗೆಯೊಂದು ಅಟ್ಟದ ಮೇಲೆ ಸುಮ್ನೆ ಕೂತಿತ್ತು. ಮುಚ್ಚಳ ತೆಗೆದರೆ ಈಗಲೂ ಕರ್ಪೂರದ ವಾಸನೆ. ಜಗುಲಿಯಲ್ಲಿ ಕೂರುವ ಬೆಂಚ್ ಮಾಡೋಣ, ಒಳಗೆ ಕಂಬಳಿ ಇಡೋಣ ಅಂತ ಕೆಳಗಿಳಿಸಿದೆ.

ಹಳೇ ಪಾಲಿಶನ್ನು 120ರ ಸ್ಯಾಂಡ್ ಪೇಪರಿನಿಂದ ಉಜ್ಜಿ, 220ರದ್ದರಲ್ಲಿ ನುಣುಪು ಮಾಡಿದೆ. ಧೂಳು ಒರೆಸಿ ಬಿಳಿ ಚಾಕ್ ಪೇಂಟ್ (ಹೊಳಪಿಲ್ಲದ, ನೀರಿನ ಪೇಂಟ್) ಎರಡು ಕೋಟ್ ಹೊಡೆದೆ. ಸಂಜೆ ಚೆನ್ನಾಗೇ ಇತ್ತು. ಬೆಳಿಗ್ಗೆ ನೋಡಿದರೆ ಗಂಟು ಇರುವ ಕಡೆಯೆಲ್ಲ ಅರಿಶಿನದ ನೀರು ಚೆಲ್ಲಿದ ಹಾಗೆ ಹಳದಿ ಕಲೆ! ಮೂರನೇ ಕೋಟ್ ಹೊಡೆದರೂ ಮತ್ತೆ ಮೇಲೆ ಬಂತು. ತುಂಬಾ ಬೇಜಾರಾಯಿತು. ನೀರಿನ ಪೇಂಟ್ ಮರದೊಳಗಿನ ಬಣ್ಣವನ್ನು ಎಳೆದು ತರುತ್ತದೆ, ಮೊದಲೇ ಶೆಲ್ಯಾಕ್ (ಅರಗಿನಿಂದ ಮಾಡುವ ಪಾಲಿಶ್) ಹಚ್ಚಿ ತಡೆಯಬೇಕಿತ್ತು ಅಂತ ಈಗ ಗೊತ್ತಾಗಿದೆ.

ಈ ಪೇಂಟ್ ಮೇಲೇ ಶೆಲ್ಯಾಕ್ ಹಚ್ಚಬಹುದಾ, ಎಲ್ಲಾ ಕೆರೆದು ತೆಗೆಯಬೇಕಾ? ಮೇಣ ತೆಗೆದ ಶೆಲ್ಯಾಕ್ ಕುಮಟಾ, ಕಾರವಾರ ಅಥವಾ ಶಿರಸಿಯಲ್ಲಿ ಎಲ್ಲಿ ಸಿಗುತ್ತದೆ?

ಪೆಟ್ಟಿಗೆಯ ಮುಂಭಾಗದ ಹಲಗೆಗೆ ಕಾವಿ ಕಲೆಯ ಬಳ್ಳಿ ಬರೆಯುವ ಆಸೆ ಇದೆ. ನಮ್ಮ ಕಡೆಯ ಹಳೇ ದೇವಸ್ಥಾನಗಳಲ್ಲಿ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣು ಬಳಿದು, ಕೆರೆದು ಒಳಗಿನ ಬಿಳಿ ಕಾಣಿಸಿದ್ದಾರಲ್ವಾ, ಹಾಗೆ. ಬಿಳಿ ಮೇಲೆ ಕೆಂಪು ಪೇಂಟ್ ಹಚ್ಚಿ, ಪೂರ್ತಿ ಒಣಗುವ ಮೊದಲೇ ಕೆರೆದರೆ ಅಂಚು ಸರಿ ಬರುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕೊನೆಗೆ ಮೇಣ ಹಚ್ಚಲಾ, ವಾರ್ನಿಶ್ ಹೊಡೆಯಲಾ? ಜಗುಲಿಗೆ ಮಳೆಯ ಎರಚಲು ಬರುತ್ತದೆ. ಹಿತ್ತಾಳೆ ಚಿಲಕಕ್ಕೆ ಮಾತ್ರ ಪೇಂಟ್ ಮುಟ್ಟಿಸಿಲ್ಲ, ಅಮ್ಮಮ್ಮನ ಕೈ ಸವೆಸಿದ ಹೊಳಪು ಅದು.