ಡೇಟಾಬೇಸ್ ರಾತ್ರಿ ತಾನಾಗಿ ಸಾಯುತ್ತಿದೆ, ಅದರ ಲಾಗ್‌ನಲ್ಲಿ ಒಂದಕ್ಷರವೂ ಇಲ್ಲ

ಹೊಸ_ಅಡ್ಮಿನ್:
ಎಲ್ಲರಿಗೂ ನಮಸ್ಕಾರ. ನಮ್ಮದು 4 ಜಿಬಿ ರ‍್ಯಾಮ್ ಇರುವ ಲಿನಕ್ಸ್ ಸರ್ವರ್, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಲ್ಲ. ವಾರಕ್ಕೆ ಎರಡು ಮೂರು ಸಲ ರಾತ್ರಿ ಮೂರರ ಹೊತ್ತಿಗೆ ಡೇಟಾಬೇಸ್ ನಿಂತುಹೋಗುತ್ತದೆ, ಆಮೇಲೆ ತಾನೇ ಮತ್ತೆ ಶುರುವಾಗುತ್ತದೆ. ಅದರ ಲಾಗ್ ನೋಡಿದರೆ ನಿಲ್ಲುವ ಮುಂಚಿನ ಸಾಲಿನವರೆಗೂ ಎಲ್ಲ ಸರಿಯಾಗಿದೆ. ಏನೂ ಹೇಳದೆ ಒಂದು ಪ್ರೋಗ್ರಾಂ ಹೇಗೆ ಸಾಯುತ್ತದೆ? ಮೂರು ರಾತ್ರಿ ನಿದ್ದೆಗೆಟ್ಟಿದ್ದೇನೆ, ದಾರಿ ತೋರಿಸಿ.

ಕರ್ನಲ್_ಗೆಳೆಯ:
ಹೇಳೋಕೆ ಅದಕ್ಕೆ ಸಮಯವೇ ಸಿಗುವುದಿಲ್ಲ ಸರ್. ಮೆಮರಿ ಪೂರ್ತಿ ಮುಗಿದುಹೋದಾಗ ಕರ್ನಲ್‌ನ (ಲಿನಕ್ಸ್‌ನ ತಿರುಳು) ಓಓಎಂ ಕಿಲ್ಲರ್, ಅಂದರೆ ಔಟ್ ಆಫ್ ಮೆಮರಿ ಕಿಲ್ಲರ್, ಓಡುತ್ತಿರುವ ಒಂದು ಪ್ರಾಸೆಸ್ ಆರಿಸಿ ಅದನ್ನು ಕೊಲ್ಲುವ ಸಿಗ್‌ಕಿಲ್ ಕಳಿಸುತ್ತದೆ, ಅಂದರೆ 9ನೇ ಸಿಗ್ನಲ್. ಅದನ್ನು ಯಾವ ಪ್ರೋಗ್ರಾಂ ಕೂಡ ತಡೆಯೋಕಾಗಲ್ಲ. ಸಾಕ್ಷಿ ಇರುವುದು ಕರ್ನಲ್ ಲಾಗ್‌ನಲ್ಲಿ. ಆ ಲಾಗ್ ತೋರಿಸುವ ಡಿಮೆಸೇಜ್ (dmesg) ಕಮಾಂಡ್ ಕೊಟ್ಟು 'ಔಟ್ ಆಫ್ ಮೆಮರಿ: ಕಿಲ್ಡ್ ಪ್ರಾಸೆಸ್' ಅಂತ ಹುಡುಕಿ. ಬೇಗ ನೋಡಿ, ಅದು ಸುತ್ತು ಬಫರ್, ಹೊಸ ಸಾಲು ಬಂದಂತೆ ಹಳೆಯದು ಅಳಿಸಿಹೋಗುತ್ತದೆ.

ಹೊಸ_ಅಡ್ಮಿನ್:
ಸಿಕ್ಕಿತು! ಡೇಟಾಬೇಸ್ ಹೆಸರೇ ಇದೆ. ಹಾಗಾದರೆ ಅದೇ ಜಾಸ್ತಿ ಮೆಮರಿ ತಿನ್ನುತ್ತಿದೆ, ಅಲ್ವಾ? ಅದರ ಓಓಎಂ ಸ್ಕೋರ್ ಅಡ್ಜಸ್ಟ್ (ಬಲಿ ಆರಿಸುವಾಗ ಕರ್ನಲ್ ನೋಡುವ ಅಂಕ) ಮೈನಸ್ 1000 ಮಾಡಿದರೆ ಕರ್ನಲ್ ಅದನ್ನು ಮುಟ್ಟಲ್ಲ ಅಂತ ಓದಿದೆ. ಮಾಡಲಾ?

ರಾತ್ರಿ_ಪಾಳಿ:
ಸ್ವಲ್ಪ ತಡೆಯಿರಿ. ಮಾಡಿದರೆ ಡೇಟಾಬೇಸ್ ಉಳಿಯುತ್ತದೆ, ಆದರೆ ಮುಂದಿನ ಸಲ ಇನ್ಯಾವುದೋ ಬಲಿಯಾಗುತ್ತದೆ. ಸತ್ತದ್ದೇ ತಪ್ಪು ಮಾಡಿದ್ದು ಅಂತ ತಿಳಿಯಬೇಡಿ. ಲಾಗ್‌ನಲ್ಲಿ ಆ ಸಾಲಿಗಿಂತ ಮೇಲೆ 'ಇನ್ವೋಕ್ಡ್ ಓಓಎಂ ಕಿಲ್ಲರ್' ಅಂತ ಇನ್ನೊಂದು ಹೆಸರು ಇರುತ್ತದೆ, ಅದು ಆ ಕ್ಷಣ ಮೆಮರಿ ಕೇಳಿದ ಪ್ರಾಸೆಸ್, ಅದೂ ತಪ್ಪಿತಸ್ಥ ಆಗಿರಬೇಕೆಂದಿಲ್ಲ. ಕೊನೇ ಪಂಕ್ತಿಯಲ್ಲಿ ಕೂತು ಪಾಯಸ ಕೇಳಿದವರೇ ಪಾತ್ರೆ ಖಾಲಿ ಮಾಡಿದರು ಅನ್ನೋಕಾಗುತ್ತಾ? ಆ ಎರಡು ಸಾಲುಗಳ ನಡುವೆ ಎಲ್ಲ ಪ್ರಾಸೆಸ್‌ಗಳ ಒಂದು ಟೇಬಲ್ ಇದೆ, ಅದನ್ನು ಸಾಲು ಸಾಲಾಗಿ ಓದಿ. ಅಲ್ಲಿ ಆರ್‌ಎಸ್‌ಎಸ್ ಅಂಕಣ (ಪ್ರಾಸೆಸ್ ರ‍್ಯಾಮ್‌ನಲ್ಲಿ ಹಿಡಿದಿರುವ ಜಾಗ) ಕೆಬಿಯಲ್ಲಿ ಇಲ್ಲ, ಪೇಜ್ ಲೆಕ್ಕದಲ್ಲಿದೆ, ಪೇಜ್ ಅಂದರೆ ಮೆಮರಿಯ ಒಂದು ತುಂಡು. ಮಾಮೂಲಿ ಸರ್ವರ್‌ನಲ್ಲಿ ಒಂದು ಪೇಜ್ ಅಂದರೆ 4 ಕೆಬಿ, ಹಾಗಾಗಿ 4ರಿಂದ ಗುಣಿಸಿ. ಇದನ್ನು ಮರೆತು ನಾನು ಒಮ್ಮೆ ಇಡೀ ದಿನ ತಪ್ಪು ಜಾಗ ಹುಡುಕಿದ್ದೆ.

ಹೊಸ_ಅಡ್ಮಿನ್:
ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಡೇಟಾಬೇಸ್ 3,00,000 ಪೇಜ್, ಅಂದರೆ 1.2 ಜಿಬಿ, ಅದು ಯಾವಾಗಲೂ ಇರುವುದೇ. ಕೆಳಗೆ ನೋಡಿದರೆ ನಮ್ಮ ರಿಪೋರ್ಟ್ ಸ್ಕ್ರಿಪ್ಟ್ ಆರು ಸಲ ಇದೆ, ಒಂದೊಂದೂ ಸುಮಾರು 1,00,000 ಪೇಜ್! ಒಟ್ಟು 2.4 ಜಿಬಿ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಅದನ್ನು ಗಂಟೆಗೊಮ್ಮೆ ಶುರು ಮಾಡುತ್ತದೆ, ಹಿಂದಿನದು ಮುಗಿದೇ ಇರುವುದಿಲ್ಲ. ಒಂಟಿಯಾಗಿ ದೊಡ್ಡದು ಡೇಟಾಬೇಸ್, ಅದಕ್ಕೇ ಅದು ಸತ್ತಿತು. ಸ್ಕ್ರಿಪ್ಟ್‌ಗೆ ಎಫ್‌ಲಾಕ್ ಎಂಬ ಬೀಗ ಹಾಕಿದ್ದೇನೆ, ಇನ್ನು ಎರಡನೇ ಪ್ರತಿ ಶುರುವಾಗಲ್ಲ. ಅದೇ ಲಾಗ್‌ನಲ್ಲಿ ನಮ್ಮ ಸಿ ಪ್ರೋಗ್ರಾಂ ಹೆಸರಲ್ಲಿ 'ಸೆಗ್‌ಫಾಲ್ಟ್ ಅಟ್ 18' (ತನ್ನದಲ್ಲದ ಮೆಮರಿ ಮುಟ್ಟಿದ ದೋಷ) ಅಂತಲೂ, ಆ ಸಾಲಿನ ಕೊನೆಯ ಕಡೆ 'ಎರರ್ 4' ಅಂತಲೂ ಇದೆ. ಇದಕ್ಕೂ ಮೆಮರಿ ಕೊರತೆಯೇ ಕಾರಣವಾ?

ಕರ್ನಲ್_ಗೆಳೆಯ:
ಇದು ಬೇರೆ ರೋಗ. ಎರರ್ 4 ಅಂದರೆ ಯೂಸರ್ ಪ್ರೋಗ್ರಾಂ ಇಲ್ಲದ ಪೇಜ್ ಓದಲು ಹೋಯಿತು, ಬರೆಯಲು ಹೋಗಿದ್ದರೆ 6 ಇರುತ್ತಿತ್ತು. ವಿಳಾಸ 18 ಹೆಕ್ಸ್‌ನಲ್ಲಿದೆ (16ರ ಆಧಾರದ ಎಣಿಕೆ), ಅಂದರೆ 24. ಸೊನ್ನೆಗೆ ಇಷ್ಟು ಹತ್ತಿರ ಇದ್ದರೆ ಬಹುತೇಕ ನಲ್ ಪಾಯಿಂಟರ್ (ಎಲ್ಲಿಗೂ ತೋರಿಸದ ಸೊನ್ನೆ ವಿಳಾಸ), ಯಾವುದೋ ಸ್ಟ್ರಕ್ಟ್‌ನಲ್ಲಿ (ಹಲವು ಫೀಲ್ಡ್‌ಗಳ ಗುಂಪು) 24 ಬೈಟ್ ಆಚೆಯ ಫೀಲ್ಡ್ ಓದಿದ್ದೀರಿ. ಮೆಮರಿ ಸಿಗದೆ ಮ್ಯಾಲಕ್ (ಸಿ ಭಾಷೆಯಲ್ಲಿ ಮೆಮರಿ ಕೇಳುವ ಫಂಕ್ಷನ್) ನಲ್ ಕೊಟ್ಟಿತ್ತಾ ಅಂತಲೂ ಒಮ್ಮೆ ನೋಡಿ, ಆದರೆ ಲಿನಕ್ಸ್‌ನಲ್ಲಿ ಅದು ಅಪರೂಪ. ಆ ಸ್ಟ್ರಕ್ಟ್ ಕೋಡ್ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.