ಓದುಗರ ಸ್ಪಂದನ: ‘ಕುಡಿತ ಬಿಡಿಸಲು ಎಲ್ಲಿಗೆ ಹೋಗಲಿ, ದುಡ್ಡು ಎಲ್ಲಿಂದ ತರಲಿ?’

ಕಳೆದ ಸಂಚಿಕೆಯಲ್ಲಿ ಶಹಾಪುರ ತಾಲ್ಲೂಕಿನ ಸಹೋದರಿಯೊಬ್ಬರು ತಮ್ಮ ಮನೆಯ ಕಷ್ಟ ಬರೆದಿದ್ದರು. ಗಂಡ ಟಂಟಂ ಓಡಿಸುತ್ತಾರೆ. ಸಂಜೆಗೆ ಮಾತ್ರ ಇದ್ದ ಕುಡಿತ ಈಗ ಮುಖ ತೊಳೆಯುವ ಮೊದಲೇ ಶುರುವಾಗುತ್ತದೆ. ಕುಡಿಯದಿದ್ದರೆ ಕೈ ನಡುಗಿ ಹ್ಯಾಂಡಲ್ ಹಿಡಿಯಲಾಗುವುದಿಲ್ಲ. ಒಂದು ರಾತ್ರಿ ಅವರೇ ‘ಹ್ಯಾಂಗರ ಮಾಡಿ ಬಿಡಸು ನನಗ’ ಎಂದು ಹೆಂಡತಿಯ ಮುಂದೆ ಅತ್ತಿದ್ದಾರೆ. ದೂರದ ಖಾಸಗಿ ಕೇಂದ್ರವೊಂದು ಮೂರು ತಿಂಗಳ ಹಣವನ್ನು ಮುಂಗಡವಾಗಿ ಕೇಳಿದೆ. ತಾಳಿಯ ಗುಂಡು ಅಡ ಇಡಲೋ, ಸಂಘದಲ್ಲಿ ಸಾಲ ಎತ್ತಲೋ, ಇಲ್ಲೇ ಹತ್ತಿರದಲ್ಲಿ ಬೇರೆ ದಾರಿ ಇದೆಯೋ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತಿದ್ದೇವೆ. ಯಾರ ಹೆಸರನ್ನೂ ಹಾಕಿಲ್ಲ.

ನಿವೃತ್ತ ನೌಕರ, ಕಲಬುರಗಿ

ತಾಯಿ, ಕುಡಿದವನು ಅವನು, ಅಡ ಇಡುವುದು ನಿಮ್ಮ ಗುಂಡು. ಇದು ಯಾವ ನ್ಯಾಯ? ಗಾಡಿ ಅವನದೇ ಅಲ್ಲವೇ, ಮಾರಿ ಚಿಕಿತ್ಸೆ ಮಾಡಿಸಿಕೊಳ್ಳಲಿ. ನೀವು ಮಕ್ಕಳ ಓದು ನೋಡಿಕೊಳ್ಳಿ.

*ಈ ಸಿಟ್ಟು ಅರ್ಥವಾಗುವಂಥದ್ದು. ಆದರೆ ಆ ಮನೆ ನಡೆಯುವುದೂ ಅದೇ ಗಾಡಿಯಿಂದ. ಅಡ ಇಡುವ ವಿಚಾರಕ್ಕೆ ಮುಂದಿನ ಪತ್ರವನ್ನು ಪೂರ್ತಿ ಓದಬೇಕೆಂದು ಕೋರುತ್ತೇವೆ. ಇದರಲ್ಲಿ ಒಂದು ಸಾಲನ್ನೂ ಕತ್ತರಿಸಿಲ್ಲ.*

ಓದುಗಿ, ಚಿತ್ತಾಪುರ ತಾಲ್ಲೂಕು

ಅಕ್ಕಾ, ನಿಮ್ಮ ಪತ್ರವನ್ನು ಅರ್ಧ ಓದಿ ಮಡಚಿಟ್ಟೆ. ರೊಟ್ಟಿ ಬಡಿದು, ಎಲ್ಲರಿಗೂ ಉಣ್ಣಲು ಕೊಟ್ಟು, ಮಂದಿ ಮಲಗಿದ ಮೇಲೆ ಉಳಿದರ್ಧ ಓದಿದೆ.

ನಮ್ಮ ಅಣ್ಣ ಫರ್ಸಿ ಗಣಿಯಲ್ಲಿ ಕಲ್ಲು ಸೀಳುತ್ತಿದ್ದ. ಉಳಿ ಇಟ್ಟು ಸುತ್ತಿಗೆ ಹೊಡೆದರೆ ಗೆರೆ ಎಳೆದಂತೆ ಫರ್ಸಿ ಬಿಚ್ಚಿಕೊಳ್ಳುತ್ತಿತ್ತು. ಅವನ ಕೈ ಅಂಥದ್ದು. ಮೈಕೈ ನೋವಿಗೆ ಎಂದು ಶುರುವಾದ ಕುಡಿತ ಬರಬರುತ್ತಾ ಅವನನ್ನೇ ನುಂಗಿತು. ಯಾರೋ ಹೇಳಿದರೆಂದು ಅಪ್ಪ ಅವನನ್ನು ದೂರದ ಒಂದು ಕೇಂದ್ರಕ್ಕೆ ಬಿಟ್ಟುಬಂದ. ಆ ವರ್ಷ ತೊಗರಿ ಮಾರಿದ ದುಡ್ಡು ಸಾಲಲಿಲ್ಲ, ಅವ್ವನ ಬೋರಮಾಳವನ್ನೂ ಅಡ ಇಟ್ಟರು. ಫೋನ್ ಮಾಡಿದರೆ ‘ಮನಿಯವರ ದನಿ ಕೇಳಿದ್ರ ಪೇಷಂಟ್ ಮನಸ್ಸು ಕೆಡ್ತದ’ ಎಂದು ಮಾತಾಡಲು ಬಿಡುತ್ತಿರಲಿಲ್ಲ. ಅಣ್ಣ ತಿರುಗಿ ಬಂದಾಗ ಅವನ ಕಾಲಿನ ಹರಡಿನ ಸುತ್ತ ಕಪ್ಪು ಗೆರೆ ಬಿದ್ದಿತ್ತು. ಕೇಳಿದರೆ ಬಾಯಿ ಬಿಡಲಿಲ್ಲ. ಕೈಯಲ್ಲಿ ಡಾಕ್ಟರ ಚೀಟಿ ಇರಲಿಲ್ಲ, ಮಾತ್ರೆ ಇರಲಿಲ್ಲ, ಮತ್ತೆ ಕುಡಿಯಬೇಕು ಅನಿಸಿದರೆ ಯಾರ ಹತ್ತಿರ ಹೋಗಬೇಕು ಎಂಬುದೂ ಗೊತ್ತಿರಲಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದವನು ಕುಡಿದೇ ಮನೆಗೆ ಬಂದ.

ಆಗ ನಮ್ಮ ಹತ್ತಿರ ದುಡ್ಡೂ ಉಳಿದಿರಲಿಲ್ಲ, ಬಂಗಾರವೂ ಇರಲಿಲ್ಲ. ಕಾಕಾ ಬಂದು ‘ಕೋಣ್ಯಾಗ ಹಾಕಿ ಕೀಲಿ ಹಾಕ್ರಿ, ತಾನೇ ಬಿಡ್ತಾನ’ ಎಂದರು. ಹಾಕಿದರು. ಮೊದಲು ಬೆವರು, ನಡುಕ. ಮರುದಿನ ಫಿಟ್ಸ್ ಬಂತು. ಅದರ ಮರುದಿನ ನಾನು ತಂಬಿಗೆ ನೀರು ಹಿಡಿದು ಒಳಗೆ ಹೋದರೆ ಅಣ್ಣ ಕೌದಿಯ ಮೇಲೆ ಕೂತು ಕಲ್ಲು ಒಡೆಯುತ್ತಿದ್ದ. ಎಡಗೈ ಉಳಿ ಹಿಡಿದ ಹಾಗೆ ಮುಷ್ಟಿ ಕಟ್ಟಿತ್ತು, ಬಲಗೈ ಮೇಲೇಳುತ್ತಿತ್ತು, ಕೆಳಗಿಳಿಯುತ್ತಿತ್ತು. ‘ಬಿರುಕು ಬಿಡಲೊಲ್ದು, ಬಿರುಕು ಬಿಡಲೊಲ್ದು’ ಎಂದು ಒಂದೇ ಸಮನೆ ಹೇಳುತ್ತಿದ್ದ. ನನ್ನ ಗುರುತು ಹತ್ತಲಿಲ್ಲ. ಅವ್ವ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ತರಿಸಲು ಹೊರಟಿದ್ದಳು.

ಪಕ್ಕದ ಮನೆಯವರ ಜೀಪಿನಲ್ಲಿ ಕಲಬುರಗಿಯ ಸರ್ಕಾರಿ ದವಾಖಾನೆಗೆ ಒಯ್ದೆವು. ಕುಡಿತವನ್ನು ಒಮ್ಮೆಲೇ ನಿಲ್ಲಿಸಿದ್ದರಿಂದ ಹೀಗಾಗಿದೆ, ಇನ್ನೂ ತಡ ಮಾಡಿದ್ದರೆ ಜೀವವೇ ಹೋಗುತ್ತಿತ್ತು ಎಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟರು, ಸಲಾಯಿನ್ ಏರಿಸಿದರು. ನಿಧಾನವಾಗಿ ಅಣ್ಣನಿಗೆ ಬುದ್ಧಿ ಬಂತು, ನನ್ನ ಹೆಸರು ಹಿಡಿದು ಕರೆದ, ಬಿಸಿ ರೊಟ್ಟಿ ಕೇಳಿದ. ರೇಷನ್ ಕಾರ್ಡು ನೋಡಿ ಬರೆದುಕೊಂಡರು. ನಮಗೆ ಖರ್ಚಾದದ್ದು ಬಸ್ಸಿಗೆ, ಚಹಾಕ್ಕೆ, ಹೊರಗೆ ಬರೆದುಕೊಟ್ಟ ಒಂದೆರಡು ಔಷಧಕ್ಕೆ. ನಮ್ಮೂರಿನಿಂದ ಆ ದವಾಖಾನೆ ಅಷ್ಟೇನೂ ದೂರವಿಲ್ಲ. ಅಪ್ಪ ಬೋರಮಾಳ ಹಿಡಿದುಕೊಂಡು ಅದನ್ನು ದಾಟಿ ಎಲ್ಲೆಲ್ಲಿಗೋ ಹೋಗಿದ್ದ. ಅಲ್ಲಿ ಕುಡಿತಕ್ಕೂ ಔಷಧ ಕೊಡುತ್ತಾರೆ ಎಂದು ನಮ್ಮ ಓಣಿಯಲ್ಲಿ ಒಬ್ಬರೂ ಹೇಳಿರಲಿಲ್ಲ.

ಆಮೇಲೆ ಅಣ್ಣ ತಿಂಗಳು ತಿಂಗಳು ಹೋಗಿ ಮಾತ್ರೆ ತಂದ. ನನ್ನ ಮಗಳಿಗೆ ಸಂತೆಯಿಂದ ಬಳೆ ತಂದದ್ದು ಆಗಲೇ. ಆದರೆ ಲಿವರ್ ಅಷ್ಟರಲ್ಲಿ ಕೆಟ್ಟುಹೋಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿತು. ಅಣ್ಣ ಉಳಿಯಲಿಲ್ಲ.

ನಿಮ್ಮ ಮನೆಯವರು ಬಾಯಿಬಿಟ್ಟು ‘ಬಿಡಸು’ ಎಂದಿದ್ದಾರೆ. ಗುಂಡು ನಿಮ್ಮ ಕೊರಳಲ್ಲೇ ಇರಲಿ. ನಾಳೆ ನಾಡಿದ್ದು ಎನ್ನದೆ ಅವರನ್ನು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ, ಅಕ್ಕಾ.

*ಎಲ್ಲಿಗೆ, ಹೇಗೆ ಎಂಬುದನ್ನು ದಿನವೂ ಇಂಥ ರೋಗಿಗಳನ್ನು ನೋಡುವವರೊಬ್ಬರು ವಿವರವಾಗಿ ಬರೆದಿದ್ದಾರೆ. ಈ ಪತ್ರವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.*

ಮನೋರೋಗ ವಿಭಾಗದ ಶುಶ್ರೂಷಾಧಿಕಾರಿ, ಬೀದರ್ ಜಿಲ್ಲೆ

ಬೆಳಗಾಗುತ್ತಲೇ ಕುಡಿದರೆ ಮಾತ್ರ ನಡುಕ ನಿಲ್ಲುತ್ತದೆ ಎಂದಾದರೆ ದೇಹ ಮದ್ಯಕ್ಕೆ ಪೂರ್ತಿ ಒಗ್ಗಿದೆ ಎಂದರ್ಥ. ಇಂಥವರಿಗೆ ಮನೆಯಲ್ಲಿ ಒಮ್ಮೆಲೇ ಕುಡಿತ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಗಳೊಳಗೆ ಬರುತ್ತದೆ. ಎರಡು ಮೂರು ದಿನಕ್ಕೆ ಕೆಲವರಿಗೆ ಸನ್ನಿ ಹಿಡಿದು ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಈ ಹಂತವನ್ನು ಆಸ್ಪತ್ರೆಯ ಹಾಸಿಗೆಯಲ್ಲೇ ದಾಟಿಸಬೇಕು. ಅದಕ್ಕೆ ನಿದ್ರಾಕಾರಕ ವರ್ಗದ ಮಾತ್ರೆಗಳೂ ಬಿ1 ಜೀವಸತ್ವದ ಇಂಜೆಕ್ಷನ್ನೂ ಬೇಕು. ಇವು ದುಬಾರಿ ಔಷಧಗಳಲ್ಲ.

ಶಹಾಪುರದವರಿಗೆ ಯಾದಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಇಂಥವೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್ ಇವೆ. ಹೊರರೋಗಿ ಚೀಟಿ ಮಾಡಿಸುವಾಗಲೇ ಮನೋರೋಗ ವಿಭಾಗ ಎಂದು ಹೇಳಿ. ಅದಕ್ಕೆ ನಾಚಿಕೊಂಡು ಹೊಟ್ಟೆನೋವೆಂದು ಚೀಟಿ ಮಾಡಿಸಿ, ಬೇರೆ ಸಾಲಿನಲ್ಲಿ ನಿಂತು ದಿನ ಕಳೆಯುವವರನ್ನು ತುಂಬಾ ನೋಡಿದ್ದೇನೆ. ಬಿಪಿಎಲ್ ಕಾರ್ಡು, ಆಧಾರ್ ಎರಡನ್ನೂ ಒಯ್ಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆಯ ನೆರವಿದೆ. ನಿಮ್ಮವರ ಚಿಕಿತ್ಸೆ ಅದರಲ್ಲಿ ಹೇಗೆ ಬರುತ್ತದೆ ಎಂದು ಆಸ್ಪತ್ರೆಯಲ್ಲೇ ಇರುವ ಆರೋಗ್ಯ ಮಿತ್ರರನ್ನು ಕೇಳಿ.

ಸೇಂದಿಯ ಅಭ್ಯಾಸವೂ ಇದ್ದರೆ ಮುಚ್ಚಿಡಬೇಡಿ. ನಮ್ಮ ಗಡಿಭಾಗದಲ್ಲಿ ಕಲಬೆರಕೆ ಸೇಂದಿಗೆ ಸಿಎಚ್ ಪೌಡರ್ ಹಾಕುತ್ತಾರೆ. ಅದು ಕ್ಲೋರಲ್ ಹೈಡ್ರೇಟ್ ಎಂಬ ಮತ್ತು ಬರಿಸುವ ರಾಸಾಯನಿಕ. ಅದನ್ನು ಬಿಟ್ಟಾಗಲೂ ಫಿಟ್ಸ್ ಬರುತ್ತದೆ. ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಗೊತ್ತಿಲ್ಲದಂತೆ ಸಾರಿನಲ್ಲಿ ಬೆರೆಸಿ ಕೊಡುವ ಪುಡಿ, ಮಾತ್ರೆಗಳ ಆಸೆಗೆ ಬೀಳಬೇಡಿ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧ ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ ಮಾತ್ರ ಕೊಡುವ ಔಷಧ ಅದು. ಕುಡಿಯುವ ಹಂಬಲ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಔಷಧಗಳಿವೆ. ಲಿವರ್, ಕಿಡ್ನಿ ಪರೀಕ್ಷೆ ನೋಡಿ ಡಾಕ್ಟರು ನಿರ್ಧರಿಸುತ್ತಾರೆ.

ಬಿಡುಗಡೆಯಾದ ಮೇಲಿನ ತಿಂಗಳುಗಳೇ ಕಷ್ಟದವು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋರೋಗ ಕ್ಲಿನಿಕ್ ನಡೆಯುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಂಡರೆ ಮಾತ್ರೆಗಾಗಿ ಜಿಲ್ಲಾ ಕೇಂದ್ರಕ್ಕೆ ಅಲೆಯುವುದು ತಪ್ಪುತ್ತದೆ. ಮಾನಸಿಕ ಆರೋಗ್ಯಕ್ಕಿರುವ ಟೆಲಿ ಮನಸ್ 14416, ವ್ಯಸನಕ್ಕೆಂದೇ ಇರುವ 14446, ಎರಡೂ ಉಚಿತ ಸಹಾಯವಾಣಿಗಳು.

*ಅಂಥ ಪುಡಿಯೊಂದರ ಹೆಸರು, ಸಿಗುವ ಜಾಗ ಬರೆದಿದ್ದ ಪತ್ರವನ್ನು ಮೇಲಿನ ಕಾರಣಕ್ಕಾಗಿಯೇ ಪ್ರಕಟಿಸುತ್ತಿಲ್ಲ. ಕಳಿಸಿದವರ ಉದ್ದೇಶ ಒಳ್ಳೆಯದೇ ಇತ್ತು.*

ಸ್ವಸಹಾಯ ಸಂಘದ ಸದಸ್ಯೆ, ಸುರಪುರ

ಒಬ್ಬರನ್ನು ಬಿಡಿಸಿದರೆ ನಾಳೆ ಹತ್ತು ಮಂದಿ ಹೊಸಬರು ಹುಟ್ಟುತ್ತಾರೆ. 2007ರ ಜುಲೈಯಲ್ಲಿ ಸಾರಾಯಿ ಬಂದ್ ಆದಾಗ ನಮ್ಮ ಅತ್ತಿ ಮನೆಮನೆಗೆ ಸಕ್ಕರೆ ಹಂಚಿದ್ದರು. ಈಗ ಕಿರಾಣಿ ಅಂಗಡಿಯಲ್ಲೇ ಪಾಕೀಟು ಸಿಗುತ್ತದೆ, ಬೆಳಿಗ್ಗೆ ಹಾಲು ಬರುವುದಕ್ಕಿಂತ ಮೊದಲು ಅದು ಬಂದಿರುತ್ತದೆ. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದದ್ದು ಮದ್ಯ ನಿಷೇಧಕ್ಕಾಗಿ. ಆ ಮಾತನ್ನು ಯಾರೂ ಈಗ ಎತ್ತುವುದಿಲ್ಲ. ಸಹೋದರಿ, ನಿಮ್ಮ ಸಂಘದವರನ್ನು ಕರೆದುಕೊಂಡು ಅಬಕಾರಿ ಕಚೇರಿಗೆ ಅರ್ಜಿ ಕೊಡಿ. ಹಳ್ಳಿಯ ಕಿರಾಣಿಯಲ್ಲಿ ಮಾರುವುದು ಕಾನೂನುಬಾಹಿರ, ಅದನ್ನಾದರೂ ನಿಲ್ಲಿಸಲಿ.

*ಮಾತು ದೊಡ್ಡದು, ಬೇಕಾದದ್ದು. ಅಂಗಡಿ ಮುಚ್ಚುವ ತನಕ ರೋಗಿ ಕಾಯಲಾರ ಎಂಬುದನ್ನಷ್ಟೇ ಸೇರಿಸುತ್ತೇವೆ.*

ವಕೀಲ, ಕಲಬುರಗಿ

ಮುಂಗಡ ಹಣದ ಬಗ್ಗೆ ಎರಡು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾದ ಮಾನಸಿಕ ಸ್ಥಿತಿಯೂ ಮನೋರೋಗದ ವ್ಯಾಖ್ಯೆಯಲ್ಲಿ ಬರುತ್ತದೆ. ಇಂಥ ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಹಣ ಕೊಡುವ ಮೊದಲು ನೋಂದಣಿ ಪತ್ರ ತೋರಿಸಿ ಎನ್ನಿ. ತೋರಿಸದಿದ್ದರೆ ಎದ್ದುಬನ್ನಿ. ಸರಪಳಿ ಹಾಕುವುದನ್ನು 95ನೇ ಕಲಂ ಯಾವ ಸ್ಥಿತಿಯಲ್ಲೂ ಒಪ್ಪುವುದಿಲ್ಲ. ರೋಗಿ ಸ್ವತಃ ಒಪ್ಪಿ ದಾಖಲಾಗದಿದ್ದಾಗ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಆಗಲೂ ಮೊದಲ ಅವಧಿ 30 ದಿನ ಮೀರುವಂತಿಲ್ಲ. ಮೂರು ತಿಂಗಳ ಹಣ ಮೊದಲೇ ಏಕೆ ಎಂದು ಧೈರ್ಯವಾಗಿ ಕೇಳಿ.

ಇನ್ನು ಖಾಸಗಿ ವಿಮೆ. ಮನೋರೋಗಕ್ಕೂ ವಿಮೆ ಇರಬೇಕು ಎಂದು ಅದೇ ಕಾಯ್ದೆ ಹೇಳಿದ್ದರೂ, ಬಹುತೇಕ ಪಾಲಿಸಿಗಳ ಹೊರತುಪಡಿಕೆ ಪಟ್ಟಿಯಲ್ಲಿ 12ನೆಯದಾಗಿ ಮದ್ಯ ಹಾಗೂ ಮಾದಕ ವ್ಯಸನದ ಚಿಕಿತ್ಸೆ ಸೇರಿರುತ್ತದೆ. ಅದನ್ನು ನಂಬಿ ಸಾಲ ಮಾಡಬೇಡಿ.

ಒಬ್ಬ ತಾಯಿ, ಬೀದರ್

ನನ್ನ ಮಗನದು ಗಾಂಜಾ. ಕಾಲೇಜು ಬಿಟ್ಟು ಮನೆಯಲ್ಲಿ ಕೂತಿದ್ದಾನೆ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳುತ್ತಾರೆ, ಕೇಸಾಗುತ್ತದೆ ಎಂದು ಅವರಪ್ಪ ಬಿಡುವುದಿಲ್ಲ. ಕುಡಿತದವರಿಗೆ ಈ ಭಯವಾದರೂ ಇಲ್ಲ.

*ತಾಯಿ, ಚಿಕಿತ್ಸೆಗೆ ಬಂದವರ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ. ಸಣ್ಣ ಪ್ರಮಾಣದ ಪ್ರಕರಣವಿದ್ದರೂ, ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪೂರೈಸಿದರೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಕೊಡುವ 64ಎ ಕಲಂ 1985ರ ಮಾದಕವಸ್ತು ಕಾಯ್ದೆಯಲ್ಲೇ ಇದೆ. ಮಗನ ಜೊತೆ ಅವರಪ್ಪನೂ ಒಮ್ಮೆ ಡಾಕ್ಟರ ಮುಂದೆ ಕೂರಲಿ.*

ಓದುಗ, ಆಳಂದ

ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನಮ್ಮ ಮಾವ ಅವರ ಜೋಳಿಗೆಗೆ ಬೀಡಿ ಕಟ್ಟು ಹಾಕಿ ಬಂದವರು ಮತ್ತೆ ಮುಟ್ಟಲಿಲ್ಲ. ನಿಮ್ಮವರನ್ನು ಶರಣಬಸವೇಶ್ವರರ ಗುಡಿಗೆ ಕರೆದೊಯ್ದು ಆಣೆ ಮಾಡಿಸಿ.

*ನಂಬಿಕೆ ಬಲ ಕೊಡುತ್ತದೆ. ಕೈ ನಡುಗುವ ಹಂತದಲ್ಲಿ ಇರುವವರು ಗುಡಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಲಿ.*

ಕುಡಿತ ಬಿಟ್ಟವನು, ಸೇಡಂ

ಆಸ್ಪತ್ರೆ ನನ್ನ ಜೀವ ಉಳಿಸಿತು. ಸಂಜೆಗಳನ್ನು ಉಳಿಸಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು. ಅಲ್ಲಿ ಫೀಸು ಇಲ್ಲ, ಹೆಸರು ಕೇಳುವುದಿಲ್ಲ, ನನ್ನಂಥವರೇ ಕೂತಿರುತ್ತಾರೆ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಇದೆ. ವೈನಿ, ನಿಮಗೂ ಮಾತಾಡಲು ಒಬ್ಬರು ಬೇಕು. ಮತ್ತೊಮ್ಮೆ ಜಾರಿ ಕುಡಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ, ಮರುದಿನವೇ ಡಾಕ್ಟರ ಹತ್ತಿರ ಕರೆದೊಯ್ಯಿರಿ.

*ಕೊನೆಯ ಪತ್ರ ಬಂದದ್ದು ಧ್ವನಿ ಸಂದೇಶವಾಗಿ. ಅವರ ಮಾತಿನಲ್ಲೇ ಬರೆದುಕೊಂಡಿದ್ದೇವೆ.*

ಟಂಟಂ ಚಾಲಕ, ಯಾದಗಿರಿ ಜಿಲ್ಲೆ

ಅಕ್ಕೋರೆ, ನಾನೂ ಟಂಟಂ ಹೊಡೀತೀನ್ರಿ. ಎಲ್ಲರೂ ದವಾಖಾನಿ ಖರ್ಚು ಎಣಸ್ಲಾಕತ್ತಾರ. ನಮ್ಮಂಥವ್ರಿಗಿ ಹೊಡತ ಬೀಳೋದು ಅಲ್ಲಲ್ರಿ. ಮನಷ್ಯಾ ಅಡ್ಮಿಟ್ ಆದ್ರ ಗಾಡಿ ನಿಂದರ್ತದ, ಗಾಡಿ ನಿಂತ್ರ ಫೈನಾನ್ಸಿನವ್ರು ಮನಿ ಬಾಗಲಿಗಿ ಬರ್ತಾರ. ಅದಕ್ಕ ಅಂಜಿ ಅರ್ಧಕ್ಕ ಎದ್ದು ಬಂದವ್ರನ್ನ ನೋಡೀನಿ. ನಮ್ಮ ಸ್ಟ್ಯಾಂಡಿನ್ಯಾಗ ಒಬ್ಬಾವ ಹಿಂಗೇ ಅಡ್ಮಿಟ್ ಆದಾಗ ನಾವು ಪಾಳಿ ಹಚ್ಚಿ ಅವನ ಗಾಡಿ ಹೊಡದೀವಿ. ಡೀಸೆಲ್ ತಗದು ಉಳದದ್ದು ಅವನ ಹೆಣ್ತಿ ಕೈಯಾಗ ಕೊಟ್ವಿ. ಕಂತು ತಪ್ಪಲಿಲ್ಲ. ತಿರುಗಿ ಬಂದ ಮ್ಯಾಲ ಅವಗ ಸಂಜಿ ಸವಾರಿ ಕೊಡಲಿಲ್ಲ, ಯಾಕಂದ್ರ ಸಂಜಿ ಸವಾರಿ ಎಲ್ಲಾ ವೈನ್ ಶಾಪಿನ ಮುಂದೇ ಸಿಗ್ತಾವ್ರಿ. ಮುಂಜಾನಿ ಪಾಳಿ ಅಷ್ಟೇ ಕೊಟ್ವಿ. ನಿಮ್ಮ ಮನಿಯವ್ರು ಆರಾಮ ಆಗೋತನಕ ಗಾಡಿ ಕೀಲಿ ಅವ್ರ ಕೈಯಾಗ ಕೊಡಬ್ಯಾಡ್ರಿ, ಹಿಂದ ಕುಂತ ಮಂದಿ ಜೀವಾ ಅದಾವ. ಶಹಾಪುರ ಸ್ಟ್ಯಾಂಡಿನ್ಯಾಗ ನನ್ನ ಪರಿಚಯದವ್ರು ಅದಾರ. ಹೂಂ ಅಂದ್ರ ನಾನೇ ಮಾತಾಡ್ತೀನಿ.

*ಈ ಓದುಗರ ಫೋನ್ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಸಹೋದರಿಗೆ ತಲುಪಿಸಿದ್ದೇವೆ. ಗಂಡನನ್ನು ಈ ವಾರವೇ ಯಾದಗಿರಿಗೆ ಕರೆದೊಯ್ಯುವುದಾಗಿ ಅವರು ತಿಳಿಸಿದ್ದಾರೆ. ಬಿಪಿಎಲ್ ಕಾರ್ಡಿನಲ್ಲಿ ಗಂಡನ ಹೆಸರು ತಪ್ಪಾಗಿ ಅಚ್ಚಾಗಿದೆಯಂತೆ, ಅದಕ್ಕೇನು ಮಾಡಬೇಕು ಎಂದು ಕೇಳಿದ್ದಾರೆ. ಆಹಾರ ಇಲಾಖೆಯ ಕೆಲಸ ಬಲ್ಲ ಓದುಗರು ಕೂಡಲೇ ಬರೆಯಿರಿ.*