ಅಪ್‌ಡೇಟ್: ನಾರ್ವೆ ರೋಡ್ ಟ್ರಿಪ್, ಕೊನೆಗೆ ಬೆಟ್ಟದ ದಾರಿಯನ್ನೇ ಹಿಡಿದೆವು

ಬರ್ಗೆನ್‌ನಿಂದ ಗೈರಂಗರ್‌ಗೆ ಕಾರಲ್ಲಿ ಹೋಗುವಾಗ ಔರ್ಲಾಂಡ್ ಹತ್ತಿರ ಸುರಂಗವೋ ಬೆಟ್ಟದ ರಸ್ತೆಯೋ ಅಂತ ಕೇಳಿದ್ದೆನಲ್ಲ, ಮೊನ್ನೆ ವಾಪಸ್ ಬಂದೆವು. "ಬೆಟ್ಟ ಹತ್ತಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಆ ದಾರಿಯ ಸ್ಟೇಗಸ್ಟೈನ್ ವ್ಯೂ ಪಾಯಿಂಟ್ ಫ್ಯೋರ್ಡ್‌ಗಿಂತ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕಿರುದಾರಿ) 650 ಮೀಟರ್ ಮೇಲಿದೆ, ತುದಿಯಲ್ಲಿ ಬರೀ ಗಾಜು. ನನ್ನ ಹೆಂಡತಿ ಹತ್ತಿರ ಕೂಡ ಹೋಗಲಿಲ್ಲ! ಇನ್ನೂ ಮೇಲೆ ಹೋದರೆ ಜೂನ್‌ನಲ್ಲೂ ರಸ್ತೆ ಪಕ್ಕ ಹಿಮದ ಗೋಡೆ. ಚಳಿಗಾಲದಲ್ಲಿ ಈ ದಾರಿ ಮುಚ್ಚಿರುತ್ತದೆ, ವಿಚಾರಿಸಿಕೊಂಡೇ ಹೊರಡಿ.

"ಲೋಟೆಫೋಸೆನ್ ಜಲಪಾತವನ್ನೂ ದಾರಿಯಲ್ಲೇ ನೋಡಿಬಿಡಿ" ಅನ್ನುವ ಸಲಹೆ ಮಾತ್ರ ಆಗಲಿಲ್ಲ. ಅದು ಓಡಾ ಊರಿನ ದಕ್ಷಿಣಕ್ಕಿದೆ, ನಮಗೆ ಸುತ್ತು ಜಾಸ್ತಿ.

ಬರುವಾಗ ಮಾತ್ರ, ಬೋರ್ ಅಂದುಕೊಂಡಿದ್ದ ಆ ಸುರಂಗದಲ್ಲೇ (ಲೇರ್ದಾಲ್ ಸುರಂಗ) ವಾಪಸ್ ಬಂದೆವು. ಉದ್ದ 24.5 ಕಿ.ಮೀ.! ಡ್ರೈವರ್‌ಗೆ ಮಂಪರು ಹತ್ತದಿರಲಿ ಅಂತ ಒಳಗೆ ಮೂರು ಕಡೆ ನೀಲಿ ಬೆಳಕಿನ ಗುಹೆ ಮಾಡಿದ್ದಾರೆ. ಮಗ ಇನ್ನೊಂದು ರೌಂಡ್ ಹೋಗೋಣ ಅಂದ.